ಇವಳ ತೋಳು, ನನ್ನ ಅಂಕಿ

ಏಪ್ರಿಲ್ 12, ಭಾನುವಾರ (ಮೊದಲ ಪುಟ)

ಯಾವ ಪುಸ್ತಕ ಶುರುಮಾಡಿದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ಪದ್ಧತಿ. ಕೆಲಸ ಮುಗಿದ ಮೇಲೆ ಒಟ್ಟು ಖರ್ಚನ್ನು ಅಲ್ಲಿ ಬರೆಯುತ್ತೇನೆ, ಪುಸ್ತಕ ತೆರೆದವನಿಗೆ ಹೊಡೆತ ಎಷ್ಟು ಅಂತ ಮೊದಲೇ ತಿಳಿಯಲಿ ಎಂದು. ಈ ಪುಸ್ತಕ ತೆರೆಯುವವನು ನಾನೊಬ್ಬನೇ ಅಂದುಕೊಂಡಿದ್ದೆ. ಇರಲಿ.

ಆದ ಖರ್ಚು: ಬಿಪಿ ನೋಡುವ ಯಂತ್ರ ಒಂದು, ಬಿಟ್ಟಿ ಬಂದದ್ದು. ಅದಕ್ಕೆ ಸೆಲ್ ನಾಲ್ಕು. ವೆಲ್ಕ್ರೋ ಎರಡು ಇಂಚು, ನನ್ನ ಟೈಲರಿಂಗ್ ಅಂಗಡಿಯದೇ. ಕೇಕು ಒಂದು. ಸುಳ್ಳು ಅಂಕಿ ಇಪ್ಪತ್ತೆಂಟು, ಎಲ್ಲವೂ ನನ್ನ ಕೈಬರಹ. ಅರ್ಧಕ್ಕೆ ನಿಂತ ಕಾಜಾ, ಅಂದರೆ ಗುಂಡಿಯ ತೂತು, ಒಂದು. ಬಾಯಿ ಬಿಡದೆ ಕಳೆದ ದಿನ ಮೂರು.

ಉಳಿದದ್ದಕ್ಕೆಲ್ಲ ಬೆಲೆ ಕಟ್ಟಬಲ್ಲೆ. ಕೊನೆಯದರ ಮುಂದೆ ಜಾಗ ಬಿಟ್ಟಿದ್ದೇನೆ.

ಮಾರ್ಚ್ 4, ಬುಧವಾರ

ಹಲ್ಲು ಕೀಳಿಸಲು ಹೋದವನ ತೋಳು ಹಿಂಡಿ ವಾಪಸ್ ಕಳಿಸಿದರು. ಹಿಂದಿನ ದವಡೆ ಹಲ್ಲು ವಾರದಿಂದ ಪ್ರಾಣ ಹಿಂಡುತ್ತಿದೆ. ಹಲ್ಲಿನ ಡಾಕ್ಟರು ಬಾಯಿ ನೋಡುವ ಮೊದಲು ಬಿಪಿ ನೋಡಿದರು. 164/100. ಇಷ್ಟಿರುವಾಗ ಕೈ ಹಾಕುವುದಿಲ್ಲ, ಮೊದಲು ಕ್ಲಿನಿಕ್‌ನ ಡಾಕ್ಟರನ್ನು ಕಂಡು ಬನ್ನಿ ಎಂದರು.

ಅಲ್ಲಿ ಕೂತಿದ್ದದ್ದು ಮೂವತ್ತು ದಾಟಿರದ ಹೆಣ್ಣುಮಗಳು. ಬಿಳಿ ಕೋಟು ಕಂಡರೇ ಕೆಲವರಿಗೆ ಏರುತ್ತದಂತೆ. ನಾನು ಎಷ್ಟು ಬಿಳಿ ಕೋಟು ಹೊಲಿದಿದ್ದೇನೋ ಲೆಕ್ಕವಿಲ್ಲ ಎಂದೆ. ಆಕೆ ನಗಲಿಲ್ಲ. ಮೇಲಿನ ಅಂಕಿ ಹೃದಯ ರಕ್ತ ತಳ್ಳುವಾಗಿನ ಒತ್ತಡ, ಕೆಳಗಿನದು ಅದು ಸಡಿಲವಾದಾಗಿನದು ಎಂದು ಬಿಡಿಸಿ ಹೇಳಿದರು. ಹದಿನಾಲ್ಕು ದಿನ ಮನೆಯಲ್ಲೇ ಬೆಳಿಗ್ಗೆ ಸಂಜೆ ನೋಡಿ ಬರೆದು ತರಬೇಕು. ಸರಾಸರಿ 135/85ರ ಒಳಗಿದ್ದರೆ ಸರಿ, ಮೇಲಿದ್ದರೆ ಮಾತ್ರೆಯ ವಿಚಾರ ಮಾಡೋಣ ಎಂದರು.

ಮಾತ್ರೆಯಂತೆ. ನನಗೆ ಅರವತ್ತೊಂದು. ಇವತ್ತಿನವರೆಗೆ ತಲೆನೋವಿಗೂ ಒಂದು ನುಂಗಿದವನಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆಯುತ್ತಾ ಇದನ್ನೇ ಹೇಳಿದ್ದೇನೆ. ನನ್ನ ಹೆಂಡತಿಯ ತಮ್ಮ, ರಿಟೈರ್ಡ್ ಕಂಡಕ್ಟರು, ಊಟಕ್ಕೆ ಮುಂಚೆ ಮಾತ್ರೆ ಡಬ್ಬಿ ತೆಗೆದಾಗಲೆಲ್ಲ "ಅಂಗಡಿ ತೆರೆದೆಯಾ?" ಎಂದು ಹತ್ತು ವರ್ಷದಿಂದ ಆಡಿಕೊಂಡಿದ್ದೇನೆ. ಅವನಿಗೆ 'ಔಷಧಿ ಅಂಗಡಿ' ಎಂದೇ ಹೆಸರಿಟ್ಟಿದ್ದೇನೆ. ಈಗ ಅದೇ ಅಂಗಡಿಯಿಂದ ಹಳೆಯ ಬಿಪಿ ಯಂತ್ರ ಸಾಲ ತರಬೇಕಾಯಿತು. ಸಾಲ ಬೇಡ, ಇಟ್ಟುಕೊಳ್ಳಿ, ನಾನು ಹೊಸದು ತಗೊಂಡಿದ್ದೇನೆ ಎಂದ. ಜೊತೆಗೆ ಪಾಠವನ್ನೂ ಕೊಟ್ಟ.

"ಭಾವ, ಬಟ್ಟೆ ಮೇಲೆ ಕಟ್ಟಬೇಡಿ, ಬರೀ ತೋಳಿಗೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕೈ ಎದೆ ಮಟ್ಟಕ್ಕೆ ಮೇಜಿನ ಮೇಲೆ. ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಸುಮ್ನೆ ಕೂತು ಆಮೇಲೆ ಗುಂಡಿ ಒತ್ತೋದು. ಮಾತಾಡಬಾರದು." ಒಂದು ಗಳಿಗೆ ನನ್ನ ಮುಖ ನೋಡಿದ. "ಕೊನೇದು ಕಷ್ಟ."

ಮಾರ್ಚ್ 5, ಗುರುವಾರ

ಬೆಳಿಗ್ಗೆ 171/103. ಸಂಜೆ 168/102.

ತೋಳುಪಟ್ಟಿಯ ಮೇಲೆ 22–32 ಎಂದು ಅಚ್ಚಾಗಿದೆ. ಇಪ್ಪತ್ತೆರಡು ಇಂಚಿನ ತೋಳು ಪೈಲ್ವಾನನಿಗೂ ಇರುವುದಿಲ್ಲ, ನನ್ನದು ಹದಿನೈದೂವರೆ. ಎಲ್ಲರಿಗೂ ಆಗಲಿ ಎಂದು ಧಾರಾಳವಾಗಿ ಮಾಡಿದ್ದಾರೆ ಅಂದುಕೊಂಡೆ. ಕಟ್ಟಲು ಹೋದರೆ ವೆಲ್ಕ್ರೋ ತುದಿಯಲ್ಲಿ ಎರಡು ಬೆರಳಷ್ಟೇ ಕಚ್ಚುತ್ತದೆ, ಗಾಳಿ ತುಂಬಿದ ಕೂಡಲೇ ಕಿತ್ತು ಬರುತ್ತದೆ. ಸುಳ್ಳು ಅಳತೆ ಹಾಕುವುದರಲ್ಲಿ ಈಗಿನ ಕಾರ್ಖಾನೆಯವರು ಎತ್ತಿದ ಕೈ. ಎರಡು ಇಂಚು ವೆಲ್ಕ್ರೋ ಸೇರಿಸಿ, ಡಬಲ್ ಹೊಲಿಗೆ ಹಾಕಿ ಸರಿಮಾಡಿದೆ. ಈಗ ಬಿಗಿಯಾಗಿ ಕೂರುತ್ತದೆ. ಕೆಲಸ ಅಂದರೆ ಹೀಗಿರಬೇಕು.

ಅಂಕಿ ಮಾತ್ರ ಇಳಿಯಲಿಲ್ಲ.

ಮಾರ್ಚ್ 6, ಶುಕ್ರವಾರ

ಉಪಾಯ ಹೊಳೆದಿದೆ. ಯಂತ್ರವೇ ಜಾಸ್ತಿ ತೋರಿಸುತ್ತಿದೆ. ಟೇಪು ಎಳೆದು ಉದ್ದವಾಗಿದ್ದರೆ ಗೊತ್ತಿರುವ ಬಟ್ಟೆಯ ಮೇಲೆ ಇಟ್ಟು ನೋಡುತ್ತೇವೆ. ಹಾಗೆ ಗೊತ್ತಿರುವ ತೋಳೊಂದು ಬೇಕು.

ಮನೆಯಲ್ಲಿ ಇವಳಿದ್ದಾಳೆ, ನನ್ನ ಹೆಂಡತಿ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿ ಪಕ್ಕದ ಮಣೆಯ ಮೇಲೆ ಕೂತು ಮೂವತ್ತನಾಲ್ಕು ವರ್ಷದಿಂದ ಕಾಜಾ ತೆಗೆಯುತ್ತಿದ್ದಾಳೆ, ಗುಂಡಿ ಕೂರಿಸುತ್ತಿದ್ದಾಳೆ. ತೆಳ್ಳಗೆ, ನೆಟ್ಟಗೆ. ಜ್ವರ ಎಂದು ಮಲಗಿದ್ದು ನಾನು ಕಂಡಿಲ್ಲ. ಇವಳಿಗೆ 120/80 ಇರದಿದ್ದರೆ ಇನ್ಯಾರಿಗಿರಬೇಕು?

ಕರೆದು ಕೂರಿಸಿದೆ. ಇವಳ ತೋಳು ಹತ್ತೂವರೆ ಇಂಚು. ನಾನು ಸೇರಿಸಿದ ವೆಲ್ಕ್ರೋ ಬೇಕಾಗಲೇ ಇಲ್ಲ. ಮಾದರಿ ತುಂಡು ತಪ್ಪಬಾರದಲ್ಲ, ಆದ್ದರಿಂದ ಔಷಧಿ ಅಂಗಡಿಯ ನಿಯಮವನ್ನೆಲ್ಲ ಇವಳಿಗೆ ಚಾಚೂ ತಪ್ಪದೆ ಪಾಲಿಸಿದೆ: ಬೆನ್ನಿಗೆ ದಿಂಬು, ಪಾದ ನೆಲಕ್ಕೆ, ತೋಳು ಮೇಜಿಗೆ, ಐದು ನಿಮಿಷ ಮೌನ. 152/94 ಬಂತು.

ಅಂದರೆ ಯಂತ್ರ 32/14 ಹೆಚ್ಚಿಗೆ ತೋರಿಸುತ್ತಿದೆ. ಹೊಲಿಗೆಗೆ ಮಾರ್ಜಿನ್ ಬಿಟ್ಟ ಹಾಗೆ. ಮಾರ್ಜಿನ್ ಕಳೆದರೆ ನಿಜವಾದ ಅಳತೆ. ನನ್ನದು ಇವತ್ತು 166/98, ಕಳೆದರೆ 134/84. ಪಾಸು. ನಿನ್ನೆಯ ಎರಡನ್ನೂ ಹಾಗೇ ತಿದ್ದಿ, ಮೇಲೊಂದಿಷ್ಟು ಕತ್ತರಿ ಆಡಿಸಿ ಒಳಗೆ ತಂದೆ.

ಇವಳು ರವಿಕೆಯ ತೋಳು ಕೆಳಗಿಳಿಸಿಕೊಳ್ಳುತ್ತಾ ಕೇಳಿದಳು, "ಎಷ್ಟು ಬಂತು ನಂದು?"

"ನಿನಗೇನು, ಗಟ್ಟಿ ಇದ್ದೀಯ" ಎಂದೆ.

ಮಾರ್ಚ್ 9, ಸೋಮವಾರ

ಮಾರ್ಜಿನ್ ದಿನವೂ ಒಂದೇ ಇರುವುದಿಲ್ಲ ಎಂದು ಕಂಡುಕೊಂಡಿದ್ದೇನೆ. ಆದ್ದರಿಂದ ಪ್ರತಿ ಸಲವೂ ಮೊದಲು ಇವಳಿಗೆ ಕಟ್ಟಿ, ಆಮೇಲೆ ನನಗೆ. ಇವಳದು ಹೆಚ್ಚು ಬಂದಷ್ಟೂ ನನ್ನದು ಕಡಿಮೆ.

ಇವತ್ತು ಬೆಳಿಗ್ಗೆ ಇವಳದು 164/98 ಬಂತು. ಮಾರ್ಜಿನ್ 44/18. ನನ್ನ 170/98 ಕುಸಿದು 126/80! ಕುಣಿಯುವುದೊಂದು ಬಾಕಿ. ಹದಿನೆಂಟು ಕೋಟಿನ ಯೂನಿಫಾರ್ಮ್ ಆರ್ಡರು ಸಿಕ್ಕಿದಾಗಲೂ ಇಷ್ಟು ಖುಷಿ ಆಗಿರಲಿಲ್ಲ. ಮಧ್ಯಾಹ್ನ ಬಟ್ಟೆ ತರಲು ಹೋದವನು ಬೇಕರಿಯಿಂದ ಇವಳಿಗೆ ಕೇಕು ತಂದೆ. ಏನು ವಿಶೇಷ ಎಂದಳು. ಸುಮ್ಮನೆ ಎಂದೆ. ಗುಲಾಬಿ ಬಣ್ಣದ ಕೆನೆಯನ್ನು ಕೊನೆಗೆ ಉಳಿಸಿಕೊಂಡು ತಿಂದಳು.

ಮಾರ್ಚ್ 12, ಗುರುವಾರ

ಇವಳು 158/96, ನಾನು ಕಳೆದು 129/81.

ಔಷಧಿ ಅಂಗಡಿ ಫೋನು ಮಾಡಿದ್ದ. "ಅಕ್ಕ ಹೇಳಿದ್ಲು ಭಾವ, ದಿನಾ ಎರಡು ಹೊತ್ತು ಅವಳ ಬಿಪಿ ನೋಡ್ತೀರಂತೆ. ನಾನೇ ಎಷ್ಟೋ ಸಲ ಹೇಳಿದ್ದೆ, ನೋಡಿಸ್ಕೊಂಡಿರಲಿಲ್ಲ. ನಮ್ಮಪ್ಪನಿಗೆ ಇತ್ತಲ್ಲ."

ಮನೆಯವಳ ಯೋಗಕ್ಷೇಮ ನೋಡದೆ ಇರಲಾಗುತ್ತದೆಯೇ ಎಂದೆ. ಮಾತು ಸಲೀಸಾಗಿ ಬಂತು.

ಮಾರ್ಚ್ 15, ಭಾನುವಾರ

ಇವಳಿಗೆ ಅಭ್ಯಾಸವಾಗಿದೆ. ನಾನು ಕರೆಯುವ ಮೊದಲೇ ಏಳು ಗಂಟೆಗೆ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತಾಳೆ. ಐದು ನಿಮಿಷ ಇಬ್ಬರೂ ಮಾತಾಡುವುದಿಲ್ಲ. ಅಳೆಯುವವನು ಮಾತಾಡಿದರೂ ಮಾದರಿ ಕೆಡುತ್ತದೆ. ಗಡಿಯಾರದ ಸದ್ದು ಇಷ್ಟು ಜೋರಿದೆ ಎಂದು ಗೊತ್ತಿರಲಿಲ್ಲ. ಇವಳ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಲೆಗಳು ಎಷ್ಟೊಂದು. ಎಡಗೈ ಹೆಬ್ಬೆರಳಿನ ಉಗುರು ಸೀಳಿದೆ, ಯಾವಾಗ ಆಯಿತೋ. ನನ್ನ ಸರದಿ ಬಂದಾಗ ಮಾತ್ರ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಇವತ್ತು ಯಂತ್ರ ಹಿಂಡುತ್ತಿರುವಾಗ ಬಟನ್ ವ್ಯಾಪಾರಿಯ ಕತೆ ಹೇಳುತ್ತಿದ್ದೆ, 175 ಬಂತು.

ಇವಳು 162/98.

ಇನ್ನು ಬರೆಯುವುದಕ್ಕೇನೂ ಇಲ್ಲ.

ಮಾರ್ಚ್ 19, ಗುರುವಾರ

ಇಪ್ಪತ್ತೆಂಟು ಅಂಕಿಗಳನ್ನು ಒಳ್ಳೆಯ ಕಾಗದಕ್ಕೆ ಇಳಿಸಿ, ಯಂತ್ರವನ್ನೂ ಹೇಳಿದಂತೆ ಹಿಡಿದುಕೊಂಡು ಕ್ಲಿನಿಕ್‌ಗೆ ಹೋದೆ. ಸರಾಸರಿ 129/81. ಡಾಕ್ಟರು ಓದಿ ತಲೆಯಾಡಿಸಿದರು. ನಿಮ್ಮ ಯಂತ್ರ ಸರಿಯಾಗಿದೆಯೇ ಒಮ್ಮೆ ನೋಡಿಬಿಡೋಣ ಎಂದು ನರ್ಸಿನ ತೋಳಿಗೆ ಮೊದಲು ಅವರದ್ದು, ಆಮೇಲೆ ನನ್ನದು ಕಟ್ಟಿದರು. ಅವರದ್ದು 112/70, ನನ್ನದು 114/72.

"ಯಂತ್ರ ಚೆನ್ನಾಗೇ ಇದೆ" ಎಂದರು.

ಆ ಮಾತು ಕೇಳಿ ಖುಷಿಪಡಬೇಕಾದ ಮನುಷ್ಯ ನಾನೊಬ್ಬನೇ ಅಲ್ಲಿದ್ದದ್ದು. ಯಂತ್ರದಲ್ಲಿ ಮಾರ್ಜಿನ್ ಇಲ್ಲ ಎಂದರೆ 152 ಯಾರದು? 164 ಯಾರದು?

ಅಷ್ಟರಲ್ಲಿ ನರ್ಸು ತೋಳುಪಟ್ಟಿ ತಿರುಗಿಸಿ ನೋಡಿ, ಈ ಹೊಲಿಗೆ ಯಾರದ್ದು, ತುಂಬಾ ಅಚ್ಚುಕಟ್ಟು ಎಂದಳು. ಆಮೇಲೆ, "ಆದ್ರೆ ಮಾಸ್ಟರೇ, ಇದು ನಿಮ್ಮ ತೋಳಿಗಲ್ಲ. 22ರಿಂದ 32 ಸೆಂಟಿಮೀಟರ್ ಇರೋ ತೋಳಿಗೆ. ನಿಮ್ಮದು ಮೂವತ್ತೊಂಬತ್ತು ಇದೆ. ಚಿಕ್ಕದು ಕಟ್ಟಿದ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ."

ನಲವತ್ತು ವರ್ಷ ತೋಳು ಅಳೆದವನು ನಾನು. ಇಂಚಿನಲ್ಲಿ ಓದಿದ್ದೆ.

ಡಾಕ್ಟರು ಹುಬ್ಬು ಗಂಟಿಕ್ಕಿದರು. ಚಿಕ್ಕ ಪಟ್ಟಿ ಹಾಕಿದ್ದರೆ ಜಾಸ್ತಿ ಬರಬೇಕು, ನಿಮ್ಮ ಕಾಗದದಲ್ಲಿ ಕಡಿಮೆ ಇದೆಯಲ್ಲ? ನಾನು ತಡವರಿಸಲಿಲ್ಲ. ಗಿರಾಕಿಯೊಬ್ಬರ ಹತ್ತಿರ ದೊಡ್ಡ ಪಟ್ಟಿ ಇತ್ತು, ಕೇಳಿ ತಂದಿದ್ದೆ ಎಂದುಬಿಟ್ಟೆ. ಆಕೆ ನಂಬಿದರು. ತಮ್ಮ ದೊಡ್ಡ ಪಟ್ಟಿ ಕಟ್ಟಿ, ಮಾತಾಡಬೇಡಿ ಎಂದು ಎರಡು ಸಲ ಹೇಳಿ ನೋಡಿದರು: 136/84. ಈಗಲೇ ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಹಲ್ಲು ಕೀಳಿಸಬಹುದು.

ಇಷ್ಟೆಲ್ಲ ಸುಳ್ಳು ಬೇಕಾಗಿರಲೇ ಇಲ್ಲ.

ಮನೆಗೆ ಬಂದಾಗ ಇವಳು ಕಿಟಕಿಯ ಪಕ್ಕ ಕಪ್ಪು ಕೋಟಿನ ಕಾಜಾ ತೆಗೆಯುತ್ತಿದ್ದಳು. ಏನಂದರು ಎಂದಳು. ಮಾತ್ರೆ ಬೇಡವಂತೆ ಎಂದೆ.

"ನಂಗೊತ್ತಿತ್ತು" ಎಂದು ನಕ್ಕಳು.

ಮಾರ್ಚ್ 20, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಇವಳು ರವಿಕೆಯ ತೋಳು ಮಡಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು.

ಹದಿನಾಲ್ಕು ದಿನ ಮುಗಿಯಿತಲ್ಲ, ಇನ್ನೇನೂ ಬೇಡ ಎಂದೆ. "ಓ, ಹೌದಾ" ಎಂದಳು. ತೋಳು ಬಿಡಿಸಿಕೊಂಡು, ಗುಂಡಿ ಹಾಕಿಕೊಂಡು, ಮಣೆಯ ಕಡೆ ಹೋದಳು.

ಹೇಳಬೇಕು. ಹೇಳುವುದೇನೂ ದೊಡ್ಡದಲ್ಲ: ನಿನ್ನ ಬಿಪಿ ಜಾಸ್ತಿ ಇದೆ, ನಡಿ ಹೋಗೋಣ. ಯಾವತ್ತಿನಿಂದ ಗೊತ್ತು ಎಂದು ಕೇಳುತ್ತಾಳೆ. ಅಲ್ಲೇ ನಾನು ಸಿಕ್ಕಿಬೀಳುವುದು. ಕೋಟು ಕೊಡಬೇಕಾದದ್ದು ಭಾನುವಾರ. ಸೋಮವಾರ ಕರೆದುಕೊಂಡು ಹೋಗುತ್ತೇನೆ, ಸುಮ್ಮನೆ ಒಮ್ಮೆ ತೋರಿಸಿಬಿಡೋಣ ಎಂದು. ಅಲ್ಲಿ ಡಾಕ್ಟರೇ ಹೊಸದಾಗಿ ಕಂಡುಹಿಡಿದ ಹಾಗೆ ಇರುತ್ತದೆ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ಯಾರ ಎಂದು ಬರೆದಿದ್ದೇನೆ. ನನ್ನ.

ಮಾರ್ಚ್ 21, ಶನಿವಾರ

ಇವತ್ತೂ ಹೇಳಲಿಲ್ಲ. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಲೈನಿಂಗ್ ಬಟ್ಟೆಯ ವಿಷಯ ಬಂತು.

ಮಾರ್ಚ್ 22, ಭಾನುವಾರ

ಆಸ್ಪತ್ರೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸವಿಲ್ಲ.

ಹತ್ತು ಗಂಟೆ. ಮೂರನೆಯ ಕಾಜಾ. ಸೂಜಿ ಬಿತ್ತು. ಇವಳ ಸೂಜಿ ಬೀಳುವುದಿಲ್ಲ. ಎತ್ತಿಕೊಳ್ಳಲು ಹೋದಳು, ಬಲಗೈ ಸೂಜಿಯ ಪಕ್ಕದಲ್ಲಿ ತಡಕಾಡಿತು, ಹಿಡಿಯಲಿಲ್ಲ. ಏನೋ ಹೇಳಿದಳು, ಮಾತು ನಾಲಗೆಯಲ್ಲಿ ಮುದ್ದೆಯಾಯಿತು. ಬಾಯಿಯ ಒಂದು ಕಡೆ ಇಳಿದಿತ್ತು.

ಪಕ್ಕದ ಅಂಗಡಿಯವನ ಕಾರಿನಲ್ಲಿ ಕರೆತಂದೆ. ದಾರಿಯಲ್ಲೇ ಕೈ ತಿರುಗಿ ಬಂತು, ಮಾತೂ ಬಂತು. ಎಲ್ಲ ಸೇರಿ ಹತ್ತು ನಿಮಿಷ. "ಈಗ ಸರಿಹೋಯ್ತು ರೀ, ವಾಪಸ್ ಹೋಗೋಣ, ಕೋಟು ಇದೆ" ಎಂದಳು. ಕೇಳಲಿಲ್ಲ.

ಇಲ್ಲಿ ನೋಡಿದಾಗ 186/108. ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಟ್ಟಿಕೊಂಡಿತ್ತು, ತಾನೇ ಬಿಟ್ಟಿದೆ, ಇದು ಮುನ್ನೆಚ್ಚರಿಕೆ ಎಂದು ತಿಳಿಯಿರಿ, ಕೈ ಸರಿಹೋಯಿತು ಎಂದು ಮನೆಗೆ ಹೋಗದೆ ತಕ್ಷಣ ಬಂದದ್ದು ಒಳ್ಳೆಯದಾಯಿತು ಎಂದು ಇಲ್ಲಿನ ಡಾಕ್ಟರು ಹೇಳಿದರು. ಆಮೇಲೆ ಇವಳನ್ನು ಕೇಳಿದರು, ಮುಂಚೆ ಯಾವತ್ತಾದರೂ ಬಿಪಿ ನೋಡಿಸಿದ್ದಿರಾ ಎಂದು.

"ನಮ್ಮ ಯಜಮಾನ್ರು ದಿನಾ ಎರಡು ಹೊತ್ತು ನೋಡ್ತಿದ್ರು ಡಾಕ್ಟ್ರೇ. ಎಲ್ಲಾ ಸರಿಯಾಗೇ ಇತ್ತು" ಎಂದಳು. ಸ್ವಲ್ಪ ಜಂಬದಿಂದಲೇ ಹೇಳಿದಳು.

ಡಾಕ್ಟರು ನನ್ನ ಕಡೆ ತಿರುಗಿದರು. ಎಷ್ಟಿರುತ್ತಿತ್ತು?

ಜೇಬಿನಿಂದ ಈ ಪುಸ್ತಕ ತೆಗೆದು ಕೊಟ್ಟೆ.

ಮಾರ್ಚ್ 24, ಮಂಗಳವಾರ

ಮನೆಗೆ ಬಂದೆವು. ಇವಳಿಗೆ ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎರಡು.

ಆಸ್ಪತ್ರೆಯ ಡಾಕ್ಟರು ಪುಸ್ತಕ ಓದಿ ಬೈಯುತ್ತಾರೆ ಎಂದು ಕಾದಿದ್ದೆ. ಇಷ್ಟು ಅಚ್ಚುಕಟ್ಟಾಗಿ ಬರೆದದ್ದು ಅಪರೂಪ ಎಂದರು. ಸರಿಯಾದ ಪಟ್ಟಿ, ಸರಿಯಾದ ಭಂಗಿ, ಐದು ನಿಮಿಷದ ಮೌನ, ಇಪ್ಪತ್ತಕ್ಕೂ ಹೆಚ್ಚು ಸಲ. ಒಂದೂ 150ಕ್ಕಿಂತ ಕೆಳಗಿಲ್ಲ. ಯಾವ ಮಾತ್ರೆ ಎಷ್ಟು ಕೊಡಬೇಕು ಎನ್ನಲು ಅದರಿಂದ ಅನುಕೂಲವಾಯಿತಂತೆ. ಆಮೇಲೆ ಪುಟ ತಿರುವಿ, "ಇದಕ್ಕೆ ಮಾರ್ಜಿನ್ ಅಂತ ಯಾಕೆ ಬರೆದಿದ್ದೀರಿ?" ಎಂದರು. ಹೇಳಿದೆ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಇವಳು ಪುಸ್ತಕ ಕೇಳಿದಳು. ಕೊಡದಿರಲು ಯಾವ ಬಾಯಿ ಇದೆ ನನಗೆ? ಕನ್ನಡಕ ಹಾಕಿಕೊಂಡು, ಬಿಲ್ಲು ನೋಡುವ ಹಾಗೆ ಸಾಲು ಸಾಲು ಬೆರಳಿಟ್ಟು ಓದಿದಳು. ನಾನು ಇಸ್ತ್ರಿ ಮಾಡಿದ ಬಟ್ಟೆಗೇ ಇಸ್ತ್ರಿ ಮಾಡುತ್ತಿದ್ದೆ.

"ಒಂಬತ್ತನೇ ತಾರೀಕು" ಎಂದಳು. "ಕೇಕು ತಂದಿದ್ರಲ್ಲ, ಅದು ಇದಕ್ಕಾ?"

ಹೌದೆಂದೆ.

ಕನ್ನಡಕ ತೆಗೆದು ಮಡಚಿಟ್ಟಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಅಂಕಿ ಹೋಗ್ಲಿ ರೀ. ನನ್ನ ಎದುರಿಗೆ ಐದು ನಿಮಿಷ ಸುಮ್ನೆ ಕೂತ್ಕೋತಿದ್ರಿ. ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ನನಗೋಸ್ಕರ ಅಂದ್ಕೊಂಡು ತಮ್ಮನಿಗೂ ಹೇಳ್ಕೊಂಡಿದ್ದೆ."

ಇದನ್ನು ಜಮೆಯ ಕಡೆ ಬರೆಯಬೇಕೋ ಖರ್ಚಿನ ಕಡೆಯೋ ತಿಳಿಯದು. ಬರೆದಿದ್ದೇನೆ ಅಷ್ಟೇ.

ಮಾರ್ಚ್ 29, ಭಾನುವಾರ

ಕ್ಲಿನಿಕ್‌ನ ಡಾಕ್ಟರ ಹತ್ತಿರ ನಿನ್ನೆ ಹೋಗಿ ಎಲ್ಲ ಒಪ್ಪಿಸಿದೆ. ಗಿರಾಕಿಯ ದೊಡ್ಡ ಪಟ್ಟಿಯೂ ಸುಳ್ಳು ಎಂದೆ. ನನ್ನ ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆದು, ದೊಡ್ಡ ಪಟ್ಟಿ ತಗೊಂಡು ಮತ್ತೆ ಹದಿನಾಲ್ಕು ದಿನ ನೋಡಿ ಎಂದರು. ಹೊರಗೆ ಕಾಯುತ್ತಿದ್ದವರು ಆರು ಜನ, ಅವರಲ್ಲಿ ಇಬ್ಬರು ನನ್ನ ಗಿರಾಕಿಗಳು. ಬಾಗಿಲು ತೆರೆದೇ ಇತ್ತು.

ಇವತ್ತು ಬೆಳಿಗ್ಗೆ ಏಳಕ್ಕೆ ಇವಳು ಕುರ್ಚಿಗೆ ಬಂದಿರಲಿಲ್ಲ. ನಾನೇ ಹೋಗಿ ಕರೆದೆ. ಬಂದಳು. ಚಿಕ್ಕ ಪಟ್ಟಿ ಇವಳಿಗೆ, ಹೊಸದಾಗಿ ತಂದ ದೊಡ್ಡದು ನನಗೆ. ಯಂತ್ರ ಇವಳದು 144/88 ತೋರಿಸಿದಾಗ ನಾನು ಪುಸ್ತಕಕ್ಕೆ ಕೈ ಚಾಚಿದೆ.

"ಇನ್ಮೇಲೆ ನಾನು ಬರೀತೀನಿ" ಎಂದಳು. "ನಿಮ್ಮದೂ."

ಏಪ್ರಿಲ್ 3, ಶುಕ್ರವಾರ

ಹಲ್ಲು ಹೋಯಿತು. ಬಾಯಿ ತುಂಬ ಹತ್ತಿ. ಮಾತಾಡುವ ಹಾಗಿಲ್ಲ. ಇವಳು ಇವತ್ತು ಮೂರು ಸಲ ನಕ್ಕಳು.

ಏಪ್ರಿಲ್ 12, ಭಾನುವಾರ (ಕೊನೆಯ ಪುಟ)

ಹದಿನಾಲ್ಕು ದಿನ ಮುಗಿದವು. ಇವಳ ಕೈಬರಹದಲ್ಲಿ ನನ್ನ ಸರಾಸರಿ 133/83. ಒಂದು ದಿನ 141 ಬಂದಿತ್ತು, ಅದನ್ನೂ ಬರೆದಿದ್ದಾಳೆ. ಅರವತ್ತೊಂದು ವರ್ಷದ ಜಂಬ ಹಾಗೇ ಉಳಿಯಿತು, ಈಗಲೂ ಮಾತ್ರೆ ಇಲ್ಲ. ಅಳತೆ ತೆಗೆಯುವಾಗ ಗಿರಾಕಿಗಳಿಗೆ ಅದನ್ನು ಹೇಳಲು ಬಾಯಿ ಬರುತ್ತಿಲ್ಲ. ಏನು ಮಾಸ್ಟರೇ, ಹುಷಾರಿಲ್ವಾ, ಇಷ್ಟು ಸುಮ್ಮನಿದ್ದೀರಿ ಎಂದು ನಿನ್ನೆ ಒಬ್ಬರು ಕೇಳಿದರು. ಹಲ್ಲು ಕೀಳಿಸಿದ್ದು ಎಂದೆ. ಕೀಳಿಸಿ ಒಂಬತ್ತು ದಿನವಾಯಿತು.

ಕಪ್ಪು ಕೋಟು ಇನ್ನೂ ಗೋಡೆಯ ಮೊಳೆಯಲ್ಲಿದೆ. ಮೂರನೆಯ ಕಾಜಾ ನಾನೇ ಮುಗಿಸಲು ಹೋದೆ. ಇವಳು ನೋಡಿ, ಬಿಚ್ಚಿ, ನಿಧಾನವಾಗಿ ತಾನೇ ತೆಗೆಯುತ್ತಿದ್ದಾಳೆ. ಗಿರಾಕಿ ಕಾಯುತ್ತೇನೆ ಎಂದಿದ್ದಾರೆ.

ಯಾರಿಗೆ ಏನು ಸಿಕ್ಕಿತು:

ಹಲ್ಲಿನ ಡಾಕ್ಟರಿಗೆ ಒಂದು ಹಲ್ಲು.

ಕ್ಲಿನಿಕ್‌ನ ನರ್ಸಿಗೆ, ಪಟ್ಟಿ ತಗೊಳ್ಳುವ ಮೊದಲು ತೋಳು ಅಳೆಯಿರಿ ಎಂದು ಬಂದವರಿಗೆಲ್ಲ ಹೇಳಲು ಟೈಲರನ ಕತೆ. ಹೇಳುತ್ತಿದ್ದಾಳಂತೆ.

ಹೆಂಡತಿಯ ತಮ್ಮನಿಗೆ ಅವನ ಸ್ವಂತ ಹೆಸರು ವಾಪಸ್. ಊಟಕ್ಕೆ ಬಂದಾಗ ಅಕ್ಕ ತಮ್ಮ ಇಬ್ಬರೂ ಡಬ್ಬಿ ತೆರೆಯುತ್ತಾರೆ. ನೀರು ತಂದಿಡುವ ಕೆಲಸ ನನ್ನದು.

ನನಗೆ 42 ಸೆಂಟಿಮೀಟರಿನ ತೋಳುಪಟ್ಟಿ ಒಂದು, ದಿನಕ್ಕೆ ಎರಡು ಸಲ ಐದೈದು ನಿಮಿಷ.

ಇವಳಿಗೆ ಮೂರು ಮಾತ್ರೆ, ಇವತ್ತು ಬೆಳಿಗ್ಗೆ 132/82, ಮತ್ತು ಪೆನ್ನು. ಇದನ್ನು ಬರೆಯಲು ನಾನು ಇವಳನ್ನು ಕೇಳಿ ತೆಗೆದುಕೊಂಡದ್ದು. ವಾಪಸ್ ಕೊಡಬೇಕು.